ಒಂಟಿ ವೀರನ ಕಥೆ ಸಾಕು

ರನ್ನ ಕವಿ ಹುಟ್ಟಿದ ಮುಧೋಳದ ನೆರೆಯವರಾದ ನಮಗೆ ಯುದ್ಧವೆಂದೊಡನೆ ಕಣ್ಣಮುಂದೆ ಬಂದು ನಿಲ್ಲುವುದು ಗದಾಯುದ್ಧವೇ. ಇಬ್ಬರು ಬಲಶಾಲಿಗಳು, ನಡುವೆ ಒಂದು ಕಣ, ಸುತ್ತಲೂ ನೋಡುವ ಜನ. ಯಾರ ತೋಳಿನಲ್ಲಿ ಬಲ ಹೆಚ್ಚೋ, ಯಾರ ಎದೆಯಲ್ಲಿ ಛಲ ಹೆಚ್ಚೋ ಅವನಿಗೆ ಜಯ. ಕುಸ್ತಿಯ ಕಣದಿಂದ ಚುನಾವಣೆಯ ಕಣದವರೆಗೆ ಎಲ್ಲವನ್ನೂ ನಾವು ಹೀಗೆಯೇ ನೋಡುತ್ತೇವೆ. ನೋಡಲಿ, ಬೇಡವೆನ್ನಲು ನಾನು ಯಾರು? ಆದರೆ ಇದೇ ಕಣ್ಣಿನಿಂದ ವಿಮಾನಗಳ ಯುದ್ಧವನ್ನೂ ನೋಡಿ, ಅದನ್ನೇ ಮಕ್ಕಳಿಗೆ ಪಾಠವೆಂದು ಹೇಳತೊಡಗಿದರೆ ನನ್ನ ತಕರಾರಿದೆ.

ನಿವೃತ್ತನಾದ ಮೇಲೂ ನನ್ನ ವಿದ್ಯಾರ್ಥಿಗಳು ನನ್ನನ್ನು ಬಿಟ್ಟಿಲ್ಲ. ಅದು ನನ್ನ ಭಾಗ್ಯ. ಈಗ ಅವರ ಮಕ್ಕಳೂ ಸೇರಿಕೊಂಡಿದ್ದಾರೆ. ಕಂಪ್ಯೂಟರಿನಲ್ಲಿ ಎರಡನೆಯ ಮಹಾಯುದ್ಧದ ವಿಮಾನಗಳ ಆಟವಾಡುವ ಹುಡುಗರು ನನಗೆ ಪಟ್ಟಿಗಳನ್ನು ಕಳಿಸುತ್ತಾರೆ: ಯಾವ ವಿಮಾನದ ವೇಗ ಎಷ್ಟು, ಬಂದೂಕು ಎಷ್ಟು, ಯಾವ ವೀರ ಎಷ್ಟು ವಿಮಾನ ಕೆಡವಿದ. ಕೊನೆಗೆ ಒಂದೇ ಪ್ರಶ್ನೆ: “ಸರ್, ಸ್ಪಿಟ್‌ಫೈರ್ ದೊಡ್ಡದೋ, ಜಪಾನಿನ ಜೀರೋ ದೊಡ್ಡದೋ?” ಹುಡುಗರ ಮಾತು ಹುಡುಗರದಾಯಿತು. ಆದರೆ ದೊಡ್ಡವರೇ ವೇದಿಕೆಯ ಮೇಲೆ ನಿಂತು, ಆಕಾಶದಲ್ಲಿ ಗೆಲ್ಲಲು ಬೇಕಾದದ್ದು ಗುಂಡಿಗೆಯೊಂದೇ ಎಂದು ಗುಡುಗಿ ಚಪ್ಪಾಳೆ ಗಿಟ್ಟಿಸಿಕೊಳ್ಳುವುದನ್ನು ಕೇಳಿದಾಗ ಸುಮ್ಮನಿರುವುದು ಕಷ್ಟ. ಪ್ರೊಪೆಲ್ಲರ್ ವಿಮಾನಗಳು ಕಾದಾಡಿದ ಕಾಲ, ಅಂದರೆ 1915ರಿಂದ 1945ರವರೆಗಿನ 30 ವರ್ಷ, ಈ ಮಾತಿಗೆ ನೇರ ವಿರುದ್ಧವಾಗಿ ಸಾಕ್ಷಿ ಹೇಳುತ್ತದೆ. ಅಲ್ಲಿ ಗೆದ್ದದ್ದು ಒಂಟಿ ವೀರನಲ್ಲ. ಗೆದ್ದದ್ದು ಜೋಡಿ, ಜೋಡಿಯ ಹಿಂದೆ ಇದ್ದ ಪಾಠ, ಪಾಠದ ಹಿಂದೆ ಇದ್ದ ಮಾಸ್ತರ.

ಮೊದಲ ಮಹಾಯುದ್ಧದಿಂದಲೇ ಆರಂಭಿಸೋಣ. ಕಟ್ಟಿಗೆಯ ಚೌಕಟ್ಟಿಗೆ ಬಟ್ಟೆ ಹೊದಿಸಿದ ವಿಮಾನಗಳ ಕಾಲವದು. 1916ರಲ್ಲಿ ಜರ್ಮನಿಯ ಓಸ್ವಾಲ್ಡ್ ಬೋಲ್ಕೆ ಎಂಬ ವೈಮಾನಿಕ ಆಕಾಶದ ಕಾದಾಟಕ್ಕೆ ಕೆಲವು ನಿಯಮಗಳನ್ನು ಬರೆದಿಟ್ಟ. ಅವುಗಳ ಸಾರ ಇಷ್ಟು: ಸೂರ್ಯನನ್ನು ಬೆನ್ನಿಗೆ ಇಟ್ಟುಕೋ, ಮೇಲಿನಿಂದ, ಹಿಂದಿನಿಂದ ಎರಗು, ತೀರ ಹತ್ತಿರ ಹೋಗುವವರೆಗೆ ಗುಂಡು ಹಾರಿಸಬೇಡ, ವೈರಿಯ ನೆಲದ ಮೇಲಿದ್ದಾಗ ಮರಳುವ ದಾರಿಯನ್ನು ಮರೆಯಬೇಡ, ಗುಂಪಾಗಿ ಹೋಗು. ಇದರಲ್ಲಿ ಗುಂಡಿಗೆಯ ಮಾತು ಎಷ್ಟಿದೆ, ಎಣಿಸಿ ನೋಡಿ. 80 ವಿಮಾನ ಕೆಡವಿದನೆಂದು ಇಂದಿಗೂ ಹಾಡಿ ಹೊಗಳಿಸಿಕೊಳ್ಳುವ ರಿಕ್ಟ್‌ಹೋಫನ್ ಈ ಬೋಲ್ಕೆಯ ಶಿಷ್ಯ. ಶಿಷ್ಯನ ಹೆಸರು ಎಲ್ಲರಿಗೂ ಗೊತ್ತು. ಗುರುವಿನ ಹೆಸರು ಕೇಳಿದವರು ಎಷ್ಟು ಜನ? 1916ರ ಅಕ್ಟೋಬರ್ 28ರಂದು ಬೋಲ್ಕೆ ಸತ್ತದ್ದು ವೈರಿಯ ಗುಂಡಿನಿಂದಲ್ಲ. ಕಾದಾಟದ ಗಡಿಬಿಡಿಯಲ್ಲಿ ಸ್ವಂತ ಜೊತೆಗಾರನ ವಿಮಾನ ತಗುಲಿ. ಜೊತೆ ಹಾರುವುದನ್ನು ಕಲಿಯುವುದು ಎಷ್ಟು ಕಠಿಣ ವಿದ್ಯೆ ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ.

ನಮ್ಮವರದೇ ಉದಾಹರಣೆ ಬೇಕೆ? ಕೋಲ್ಕತ್ತದಲ್ಲಿ ಹುಟ್ಟಿದ ಇಂದ್ರಲಾಲ್ ರಾಯ್ 1918ರ ಜುಲೈ ತಿಂಗಳಲ್ಲಿ, ಎರಡು ವಾರದೊಳಗೆ, 10 ವಿಜಯಗಳನ್ನು ಪಡೆದರು. ಅದೇ ಜುಲೈ 22ರಂದು ಹೋರಾಟದಲ್ಲಿ ತೀರಿಕೊಂಡರು. ಆಗ ಅವರಿಗೆ 19 ವರ್ಷ. ಭಾಷಣಗಳಲ್ಲಿ ಕಥೆ ಇಲ್ಲಿಗೆ ಮುಗಿಯುತ್ತದೆ. ಆದರೆ ರಾಯ್ ಅವರನ್ನು ತನ್ನ ತುಕಡಿಯಲ್ಲಿ ಇಟ್ಟುಕೊಂಡು ತಿದ್ದಿದವನು ಜಾರ್ಜ್ ಮೆಕೆಲ್ರಾಯ್. ಆ ಮೆಕೆಲ್ರಾಯ್‌ಗೆ ಪಾಠ ಹೇಳಿದವನು ಎಡ್ವರ್ಡ್ ಮ್ಯಾನಕ್. ಕೆಳಗೆ ಬೀಳುತ್ತಿರುವ ವೈರಿಯ ಬೆನ್ನುಹತ್ತಿ ನೆಲದ ಸಮೀಪ ಹೋಗಬಾರದೆಂದು ಎಲ್ಲರಿಗೂ ಎಚ್ಚರಿಕೆ ಕೊಡುತ್ತಿದ್ದ ಮ್ಯಾನಕ್, ಜುಲೈ 26ರಂದು ತಾನೇ ಹಾಗೆ ಹೋಗಿ ನೆಲದಿಂದ ಬಂದ ಗುಂಡಿಗೆ ಬಲಿಯಾದ. ಮೆಕೆಲ್ರಾಯ್ ಜುಲೈ 31ರಂದು ಸತ್ತ. ಗುರು, ಶಿಷ್ಯ, ಪ್ರಶಿಷ್ಯ ಮೂವರೂ ಹತ್ತು ದಿನಗಳೊಳಗೆ ಹೋದರು. ರಾಯ್ ಅವರ ಧೈರ್ಯವನ್ನು ನಾನು ಕಿಂಚಿತ್ತೂ ಕಡಿಮೆ ಮಾಡುತ್ತಿಲ್ಲ. ಆದರೆ ಈ ಗುರುಪರಂಪರೆಯನ್ನು ಬಿಟ್ಟು ಹತ್ತೆಂಬ ಅಂಕಿಯನ್ನಷ್ಟೇ ಹೇಳಿದರೆ ಮಕ್ಕಳಿಗೆ ಸಿಕ್ಕುವುದು ಅರ್ಧ ಸತ್ಯ.

ಇನ್ನು ‘ಯಾವ ವಿಮಾನ ದೊಡ್ಡದು’ ಎಂಬ ಪ್ರಶ್ನೆ. ನಿಮ್ಮಲ್ಲಿ ಹಲವರಿಗೆ ನಾನೇ ಸ್ಥಿತಿಶಕ್ತಿ, ಚಲನಶಕ್ತಿಗಳ ಪಾಠ ಹೇಳಿದ್ದೇನೆ. ಅದನ್ನು ಸ್ವಲ್ಪ ನೆನಪಿಸಿಕೊಳ್ಳಿ. ಎತ್ತರದಲ್ಲಿರುವ ವಿಮಾನವೆಂದರೆ ಗಂಟು ಕಟ್ಟಿಟ್ಟುಕೊಂಡ ಮನುಷ್ಯನಿದ್ದಂತೆ. ಬೇಕಾದಾಗ ಕೆಳಗೆ ಧುಮುಕಿ ಆ ಎತ್ತರವನ್ನು ವೇಗವಾಗಿ ಮಾರ್ಪಡಿಸಿಕೊಳ್ಳಬಹುದು. ಆ ವೇಗದಿಂದಲೇ ಮತ್ತೆ ಮೇಲೇರಿ ಗಂಟಿನ ಬಹುಭಾಗವನ್ನು ಮರಳಿ ಪಡೆಯಬಹುದು. ಆದರೆ ಬಿಗಿಯಾಗಿ ಸುತ್ತು ಹೊಡೆಯತೊಡಗಿದರೆ ಗಾಳಿಯ ತಡೆ ಹೆಚ್ಚಿ ವೇಗ ಕರಗುತ್ತದೆ, ಗಂಟು ಖಾಲಿಯಾಗುತ್ತದೆ. ಹಗುರವಾದ, ರೆಕ್ಕೆ ವಿಶಾಲವಾದ ವಿಮಾನ ಸಣ್ಣ ಸುತ್ತಿನಲ್ಲಿ ತಿರುಗಬಲ್ಲದು. ಭಾರವಾದದ್ದು ಅದರೊಡನೆ ಸುತ್ತಲಾರದು, ಆದರೆ ವೇಗವಾಗಿ ಧುಮುಕಬಲ್ಲದು.

ಜಪಾನಿನ ಜೀರೋ ತುಂಬಿದ ತೂಕದಲ್ಲಿ ಸುಮಾರು 2.4 ಟನ್ ಇತ್ತು. ಅದನ್ನು ಎದುರಿಸಿದ ಅಮೆರಿಕದ ವೈಲ್ಡ್‌ಕ್ಯಾಟ್ ಸುಮಾರು 3.6 ಟನ್. ಜೀರೋ ಹೆಚ್ಚು ಚುರುಕು, ಹೆಚ್ಚು ದೂರ ಹಾರುವಂಥದು, ಬೇಗ ಮೇಲೇರುವಂಥದು. ಆದರೆ ಆ ಹಗುರತನಕ್ಕೆ ಬೆಲೆ ತೆತ್ತವನು ಒಳಗೆ ಕುಳಿತವನು. ಅವನ ಬೆನ್ನ ಹಿಂದೆ ಉಕ್ಕಿನ ತಗಡಿರಲಿಲ್ಲ. ಗುಂಡು ತಗುಲಿದರೆ ತಾನೇ ಮುಚ್ಚಿಕೊಳ್ಳುವ ಇಂಧನದ ತೊಟ್ಟಿಯಿರಲಿಲ್ಲ. ವೇಗ ಬಹಳ ಹೆಚ್ಚಿದಾಗ ಅದರ ಹಿಡಿಕೆ ಬಿಗಿದುಕೊಂಡು ವಿಮಾನ ಹೊರಳಲು ಒಪ್ಪುತ್ತಿರಲಿಲ್ಲ. ನಮ್ಮ ಕೃಷ್ಣಾ ನದಿಯ ದಂಡೆಯವರಿಗೆ ಗೊತ್ತಿರುವ ಮಾತು: ಮೊಸಳೆಗೆ ನೀರಿನಲ್ಲಿ ಬಲ. ನೀರಿಗಿಳಿದು ಅದರೊಡನೆ ಸೆಣಸುವವನನ್ನು ಶೂರನೆನ್ನಬೇಕೋ ಮೂಢನೆನ್ನಬೇಕೋ ನೀವೇ ಹೇಳಿ. ನಿಧಾನದ ಸುತ್ತಾಟ ಜೀರೋದ ನೀರು. ಎತ್ತರದಿಂದ ಎರಗಿ, ಒಮ್ಮೆ ಹೊಡೆದು, ನಿಲ್ಲದೆ ಹೊರಟುಹೋಗುವುದು ದಡದ ಮೇಲಿನ ಯುದ್ಧ. ಎರಡರಲ್ಲಿ ಯಾವ ಯುದ್ಧ ನಡೆಯಬೇಕೆಂದು ನಿರ್ಧರಿಸಿದವನು ಗೆದ್ದ. ಪಟ್ಟಿಯ ಅಂಕಿಗಳು ಇದನ್ನು ಹೇಳುವುದಿಲ್ಲ.

ಎತ್ತರ ಕೈತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. 1942ರ ಏಪ್ರಿಲ್ 5ರಂದು ಜಪಾನೀಯರು ಕೊಲಂಬೊ ಮೇಲೆ ದಾಳಿ ಮಾಡಿದಾಗ ರತ್ಮಲಾನದ ಹರಿಕೇನ್ ವಿಮಾನಗಳು ಇನ್ನೂ ನೆಲ ಬಿಟ್ಟೇಳುತ್ತಿದ್ದವು. ವೈರಿಗಳು ಆಗಲೇ ನೆತ್ತಿಯ ಮೇಲಿದ್ದರು. ಆ ಹುಡುಗರ ಧೈರ್ಯಕ್ಕೆ ಏನು ಕೊರತೆಯಿತ್ತು? ಧೈರ್ಯ ಎತ್ತರವಾಗಿ ಮಾರ್ಪಡುವುದಿಲ್ಲ, ಅಷ್ಟೇ. ಮರುದಿನ ವಿಶಾಖಪಟ್ಟಣ, ಕಾಕಿನಾಡಗಳ ಮೇಲೆಯೇ ಬಾಂಬು ಬಿದ್ದವು.

ಈ ವಿದ್ಯೆಯನ್ನು ಏಷ್ಯಾದಲ್ಲಿ ಮೊದಲು ಸರಿಯಾಗಿ ಕಲಿಸಿದವನು ಯಾರು ಗೊತ್ತೇ? ಒಬ್ಬ ಶಾಲಾ ಮಾಸ್ತರ! ಅಮೆರಿಕದ ಕ್ಲೇರ್ ಶೆನಾಲ್ಟ್ ಸೈನ್ಯಕ್ಕೆ ಸೇರುವ ಮೊದಲು ಲೂಸಿಯಾನದ ಹಳ್ಳಿಗಾಡಿನಲ್ಲಿ ಶಿಕ್ಷಕನಾಗಿದ್ದವನು. 1941ರಲ್ಲಿ ಬರ್ಮಾದ ಟಾಂಗೂ ಎಂಬಲ್ಲಿ ಚೀನಾದ ಪರವಾಗಿ ಹೋರಾಡಲು ಬಂದಿದ್ದ ಅಮೆರಿಕನ್ ವೈಮಾನಿಕರನ್ನು ಕೂಡಿಸಿಕೊಂಡು, ಕರಿಹಲಗೆಯ ಮೇಲೆ ಚಿತ್ರ ಬರೆದು ಪಾಠ ಮಾಡಿದ: ಜಪಾನೀಯರೊಡನೆ ಸುತ್ತಬೇಡಿ, ಮೇಲಿನಿಂದ ಬನ್ನಿ, ಹೊಡೆಯಿರಿ, ಹೊರಟುಹೋಗಿ, ಇಬ್ಬಿಬ್ಬರಾಗಿ ಇರಿ. ಈ ‘ಫ್ಲೈಯಿಂಗ್ ಟೈಗರ್ಸ್’ ಪಡೆ 1941ರ ಡಿಸೆಂಬರಿನಿಂದ ರಂಗೂನ್ ಮತ್ತು ಚೀನಾದ ಆಕಾಶದಲ್ಲಿ ಹೋರಾಡಿತು. ಅವರು ಎದುರಿಸಿದ್ದು ಜೀರೋಗಳನ್ನೆಂದು ಕಥೆಗಳು ಹೇಳುತ್ತವೆ. ವಾಸ್ತವವಾಗಿ ಅವು ಜಪಾನಿನ ಭೂಸೇನೆಯ ಕಿ-27 ಮತ್ತು ಕಿ-43 ವಿಮಾನಗಳು. ಅವೂ ಹಗುರ, ಅವೂ ಸುತ್ತುವುದರಲ್ಲಿ ನಿಪುಣ. ಹಾಗಾಗಿ ಮಾಸ್ತರನ ಪಾಠ ಅಲ್ಲಿಯೂ ಹೊಂದಿತು.

ಈ ಕಥೆಗೆ ನಮ್ಮ ನಾಡಿನ ಎಳೆಯೊಂದಿದೆ. ಶೆನಾಲ್ಟನ ಪಡೆಗೆ ವಿಮಾನ ಮತ್ತು ಜನರನ್ನು ಒದಗಿಸುವ ವ್ಯವಹಾರದಲ್ಲಿದ್ದ ವಿಲಿಯಂ ಪಾಲಿ ಎಂಬವನೇ, ವಾಲಚಂದ್ ಹೀರಾಚಂದರು ಮೈಸೂರು ಸರ್ಕಾರದೊಡನೆ ಸೇರಿ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಗೂ ನೆರವಾದವನು. 1942ರ ಜುಲೈನಲ್ಲಿ ಆ ಕಾರ್ಖಾನೆಯಲ್ಲಿ ಜೋಡಿಸಿದ ಕರ್ಟಿಸ್ ಹಾಕ್ ವಿಮಾನ ಬೆಂಗಳೂರಿನ ಆಕಾಶದಲ್ಲಿ ಹಾರಿತು. ರಂಗೂನಿನ ಮೇಲೆ ಕಾದಾಡಿದ ಪಿ-40 ಇದೇ ಹಾಕ್‌ನ ತಮ್ಮ. ಅದೇ ಕಂಪನಿ, ಅದೇ ಮೈಕಟ್ಟು, ಎಂಜಿನ್ ಮಾತ್ರ ಬೇರೆ. ಮುಂದೆ ಆ ಕಾರ್ಖಾನೆ ಅಮೆರಿಕದ ವಾಯುಪಡೆಗೆ ವಿಮಾನ ಮತ್ತು ಎಂಜಿನ್‌ಗಳನ್ನು ದುರಸ್ತಿ ಮಾಡಿಕೊಡುವ ದೊಡ್ಡ ಠಾಣೆಯಾಯಿತು. ಅಲ್ಲಿ ಕೈಗೆ ಎಣ್ಣೆ ಮೆತ್ತಿಕೊಂಡು ದುಡಿದವರ ಹೆಸರು ಯಾವ ವೀರರ ಪಟ್ಟಿಯಲ್ಲಿದೆ?

ಈಗ ನಮ್ಮ ಬನಹಟ್ಟಿಯವರು ಕಿವಿಗೊಟ್ಟು ಕೇಳಬೇಕಾದ ಸಂಗತಿಗೆ ಬರುತ್ತೇನೆ. ಜೀರೋವನ್ನು ಎದುರಿಸಲು ಅಮೆರಿಕದ ನೌಕಾಪಡೆ ಕಂಡುಕೊಂಡ ಉಪಾಯದ ಹೆಸರೇ ‘ನೇಯ್ಗೆ’. 1941ರಲ್ಲಿ ಜಾನ್ ಥ್ಯಾಚ್ ಎಂಬ ಅಧಿಕಾರಿಗೆ ಜಪಾನಿನ ಹೊಸ ವಿಮಾನದ ವರದಿ ಸಿಕ್ಕಿತು. ತನ್ನ ವಿಮಾನ ಅದಕ್ಕಿಂತ ನಿಧಾನ, ಅದರಷ್ಟು ಸುತ್ತಲಾರದು. ಏನು ಮಾಡುವುದು? ಕ್ಯಾಲಿಫೋರ್ನಿಯಾದ ತನ್ನ ಮನೆಯ ಮೇಜಿನ ಮೇಲೆ ರಾತ್ರಿ ಬೆಂಕಿಕಡ್ಡಿಗಳನ್ನು ಇಟ್ಟು, ಅವುಗಳನ್ನೇ ವಿಮಾನಗಳೆಂದು ಸರಿಸುತ್ತ ಯೋಚಿಸಿದ. ಹೊಳೆದದ್ದು ಸರಳ. ಎರಡು ವಿಮಾನಗಳು (ಅಥವಾ ಎರಡು ಜೋಡಿಗಳು) ಅಕ್ಕಪಕ್ಕದಲ್ಲಿ ತುಸು ಅಂತರ ಬಿಟ್ಟು ಹಾರಬೇಕು. ಒಬ್ಬನ ಬೆನ್ನಿಗೆ ವೈರಿ ಬಿದ್ದನೋ, ಇಬ್ಬರೂ ಪರಸ್ಪರರ ಕಡೆಗೆ ತಿರುಗಬೇಕು. ದಾರಿಗಳು ಕತ್ತರಿಯಂತೆ ಕೂಡುತ್ತವೆ. ಮೊದಲಿನವನ ಬೆನ್ನುಹತ್ತಿದ ವೈರಿ ಎರಡನೆಯವನ ಬಂದೂಕಿನ ಎದುರಿಗೆ ತಾನಾಗಿಯೇ ಬಂದು ನಿಲ್ಲುತ್ತಾನೆ. ದಾಟಿ ಹೋದ ಮೇಲೆ ಮತ್ತೆ ತಿರುಗು, ಮತ್ತೆ ದಾಟು. ಲಾಳಿ ಅತ್ತಿಂದಿತ್ತ ಓಡಿದಂತೆ. ನನ್ನ ಬೆನ್ನನ್ನು ನಾನು ನೋಡಿಕೊಳ್ಳಲಾರೆ, ನೀನು ನೋಡು. ನಿನ್ನ ಬೆನ್ನನ್ನು ನಾನು ನೋಡುತ್ತೇನೆ. ಹಾಸಿಲ್ಲದೆ ಹೊಕ್ಕು ನಿಲ್ಲುವುದುಂಟೆ? ಇದನ್ನು ನೇಕಾರರ ಮಕ್ಕಳಿಗೆ ಬಿಡಿಸಿ ಹೇಳಬೇಕೆ?

ಬೆಂಕಿಕಡ್ಡಿಯ ಆಟ ನಿಜವಾದ ಗಾಳಿಯಲ್ಲಿ ನಡೆಯುವುದೇ ಎಂದು ಅವನು ಪರೀಕ್ಷೆಯನ್ನೂ ಮಾಡಿದ. ತನ್ನ ನಾಲ್ಕು ವಿಮಾನಗಳು ಅರ್ಧ ಶಕ್ತಿಗಿಂತ ಹೆಚ್ಚು ಬಳಸಬಾರದೆಂದು ಕಟ್ಟು ಹಾಕಿ, ದಾಳಿ ಮಾಡುವ ನಾಲ್ಕಕ್ಕೆ ಪೂರ್ಣ ಶಕ್ತಿ ಕೊಟ್ಟ. ದಾಳಿಯ ಮುಂದಾಳು ಎಡ್ವರ್ಡ್ ಓಹೇರ್. ಶಿಕಾಗೋಕ್ಕೆ ಹೋಗುವ ನಮ್ಮ ಹುಡುಗರು ಇಳಿಯುವ ವಿಮಾನ ನಿಲ್ದಾಣಕ್ಕೆ ಇವನದೇ ಹೆಸರು. ಎಷ್ಟು ಸಲ ಎರಗಿದರೂ ಎದುರಿಗೆ ಯಾರಾದರೊಬ್ಬರ ಮೂತಿ ತನ್ನತ್ತ ತಿರುಗಿಯೇ ಇರುವುದನ್ನು ಓಹೇರ್ ಕಂಡ. ನಿಧಾನದ ವಿಮಾನಗಳು ವೇಗದ ವಿಮಾನಗಳನ್ನು ತಡೆದು ನಿಲ್ಲಿಸಿದ್ದವು.

1942ರ ಜೂನ್ 4ರಂದು ಮಿಡ್‌ವೇ ಕದನದಲ್ಲಿ ಥ್ಯಾಚ್ ಆರು ವೈಲ್ಡ್‌ಕ್ಯಾಟ್‌ಗಳೊಡನೆ ಹೋದಾಗ ಅವರಿಗಿಂತ ಎಷ್ಟೋ ಹೆಚ್ಚು ಜೀರೋಗಳು ಮುತ್ತಿದವು. ಒಂದು ವೈಲ್ಡ್‌ಕ್ಯಾಟ್ ಆರಂಭದಲ್ಲೇ ಉರುಳಿತು. ಆಗ ಥ್ಯಾಚ್ ಮತ್ತು ಡಿಬ್ ಎಂಬ ಎಳೆಯ ಅಧಿಕಾರಿ ನೇಯ್ಗೆ ಆರಂಭಿಸಿದರು, ಬದುಕಿ ಮರಳಿದರು. ಸತ್ಯವನ್ನು ಪೂರ್ಣವಾಗಿ ಹೇಳಬೇಕು: ಅವರು ಕಾಯಲು ಹೋಗಿದ್ದ 12 ಟಾರ್ಪಿಡೊ ವಿಮಾನಗಳಲ್ಲಿ ಒಂದೂ ಮರಳಿ ಹಡಗಿನ ಮೇಲೆ ಇಳಿಯಲಿಲ್ಲ. ನೇಯ್ಗೆ ಮಂತ್ರವಲ್ಲ. ನೇಯ್ದವರನ್ನು ಅದು ಉಳಿಸಿತು, ಅಷ್ಟೇ. ಆದರೆ ಉಳಿದವನು ಮರಳಿ ಬಂದು ಇತರರಿಗೆ ಕಲಿಸಿದನಲ್ಲ, ಅದೇ ಮುಖ್ಯ.

ಇಲ್ಲಿ ಕೆಲವರು ಎರಡು ಆಕ್ಷೇಪ ಎತ್ತುತ್ತಾರೆ. ಒಂದು: ಕೊನೆಗೆ ಗೆದ್ದದ್ದು ಅಮೆರಿಕದ ಕಾರ್ಖಾನೆಗಳು, ತಂತ್ರಕ್ಕೇನು ಬೆಲೆ? ಕಾರ್ಖಾನೆಗಳ ಪಾತ್ರ ದೊಡ್ಡದೆಂದು ಒಪ್ಪುತ್ತೇನೆ. ಅದೂ ಒಂಟಿ ವೀರನ ಕಥೆಗೆ ವಿರುದ್ಧವಾದ ಸಾಕ್ಷಿಯೇ. 1940ರಲ್ಲಿ ಸ್ಪಿಟ್‌ಫೈರಿನ ಎಂಜಿನ್, ಮೂತಿಯನ್ನು ಥಟ್ಟನೆ ಕೆಳಗೆ ಮಾಡಿದರೆ ಇಂಧನ ಸರಿಯಾಗಿ ಸಿಗದೆ ಕೆಮ್ಮುತ್ತಿತ್ತು; ಜರ್ಮನರ ಮೆಸ್ಸರ್‌ಶ್ಮಿಟ್‌ಗೆ ಆ ತೊಂದರೆಯಿರಲಿಲ್ಲವಾಗಿ ಅದು ಧುಮುಕಿ ಪಾರಾಗುತ್ತಿತ್ತು. 1941ರಲ್ಲಿ ಬಿಯಾಟ್ರಿಸ್ ಶಿಲ್ಲಿಂಗ್ ಎಂಬ ಮಹಿಳಾ ಎಂಜಿನಿಯರ್ ನಡುವೆ ತೂತಿರುವ ಲೋಹದ ಪುಟ್ಟ ಬಿಲ್ಲೆಯೊಂದನ್ನು ಇಂಧನದ ದಾರಿಯಲ್ಲಿ ಕೂಡಿಸಿ ಅದನ್ನು ಬಹುಮಟ್ಟಿಗೆ ನೀಗಿಸಿದರು. ಯುದ್ಧದ ಕಣಕ್ಕೆ ಕಾಲಿಡದ ಆಕೆ ಎಷ್ಟು ವೈಮಾನಿಕರ ಪ್ರಾಣ ಉಳಿಸಿರಬಹುದು! ಭಾಷಣಕಾರರು ಆಕೆಯ ಹೆಸರು ಹೇಳಿದ್ದನ್ನು ನಾನಂತೂ ಕೇಳಿಲ್ಲ.

ಎರಡನೆಯ ಆಕ್ಷೇಪ: ನೂರಾರು ವಿಮಾನ ಕೆಡವಿದ ವೀರರು ಇದ್ದರಲ್ಲ? ಇದ್ದರು. 352 ವಿಜಯಗಳ ಜರ್ಮನಿಯ ಎರಿಕ್ ಹಾರ್ಟ್‌ಮನ್ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದದ್ದು ಆ ಅಂಕಿಯನ್ನಲ್ಲ. ತನ್ನ ಜೊತೆಗಾರರನ್ನು ಕಳೆದುಕೊಳ್ಳಲಿಲ್ಲ ಎಂಬುದನ್ನು. ಜಪಾನಿನಲ್ಲಿಯೂ ಮಹಾವೀರರಿದ್ದರು. ಆದರೆ ಜಪಾನ್ ತನ್ನ ನುರಿತವರನ್ನು ಸಾಯುವವರೆಗೆ ರಣರಂಗದಲ್ಲೇ ಇಟ್ಟಿತು. 1942–43ರಲ್ಲಿ ಸೊಲೊಮನ್ ದ್ವೀಪಗಳ ಮೇಲೆ ಅವರು ಒಬ್ಬೊಬ್ಬರಾಗಿ ಮುಗಿದರು. ಅವರಲ್ಲಿ ಅಗ್ರಗಣ್ಯನಾದ ನಿಶಿಜಾವಾ 1944ರ ಅಕ್ಟೋಬರಿನಲ್ಲಿ ಸತ್ತದ್ದು ಬೇರೊಂದು ವಿಮಾನದಲ್ಲಿ ಬರಿಯ ಪ್ರಯಾಣಿಕನಾಗಿ ಕುಳಿತಿದ್ದಾಗ. ಅಮೆರಿಕವು ಥ್ಯಾಚ್‌ನಂಥವರನ್ನು ಕರೆಸಿಕೊಂಡು, ‘ಸಾಕು, ಇನ್ನು ಪಾಠ ಮಾಡು’ ಎಂದು ತರಗತಿಗೆ ಕಳಿಸಿತು. 1944ರ ಜೂನ್‌ನಲ್ಲಿ ಮರಿಯಾನಾ ದ್ವೀಪಗಳ ಬಳಿ ಎರಡೂ ಪಡೆಗಳು ಎದುರಾದಾಗ ಒಂದು ಕಡೆ ಮಾಸ್ತರರ ಕೈಯಲ್ಲಿ ಪಳಗಿದ ಹುಡುಗರು. ಇನ್ನೊಂದು ಕಡೆ ಕಲಿಸುವವರೇ ಉಳಿಯದ ಹುಡುಗರು. ಜಪಾನಿನ ನೂರಾರು ವಿಮಾನಗಳು ಎರಡೇ ದಿನಗಳಲ್ಲಿ ನಾಶವಾದವು. ಆ ಹುಡುಗರ ಸಾವಿಗೆ ವೈರಿಯ ಬಂದೂಕಿನಷ್ಟೇ ವೀರಾರಾಧನೆಯೂ ಕಾರಣವೆಂದು ನಾನು ಹೇಳುತ್ತೇನೆ.

ನಮ್ಮ ವಾಯುಪಡೆಯೂ ಜೋಡಿಯ ಪಾಠವನ್ನು ಬಲ್ಲದು. 1943–44ರಲ್ಲಿ ಬರ್ಮಾದ ಅರಾಕಾನ್ ಪ್ರದೇಶದಲ್ಲಿ ಮೆಹರ್ ಸಿಂಗ್ ಅವರ ನಾಯಕತ್ವದ 6ನೆಯ ಸ್ಕ್ವಾಡ್ರನ್ನಿನ ಹರಿಕೇನ್‌ಗಳು ಎರಡೆರಡಾಗಿ ಹಾರುತ್ತಿದ್ದವು: ಒಬ್ಬ ನೆಲದ ಮೇಲಿನ ವೈರಿಯ ಚಲನವಲನ ನೋಡಿದರೆ, ಹಿಂದಿನವನು ಆಕಾಶ ಕಾಯುತ್ತಿದ್ದ. ಕಾಯುವವನನ್ನು ಆ ಕಾಲದ ವೈಮಾನಿಕರು ‘ವೀವರ್’ ಎನ್ನುತ್ತಿದ್ದರು. ಅಂದರೆ ನೇಕಾರ! ಜೊತೆಗಾರನಿಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ನಮ್ಮ ಕೊಡಗಿನ ಅಜ್ಜಮಾಡ ಬೋಪಯ್ಯ ದೇವಯ್ಯನವರ ಕಥೆ ಸಾಕು. ಅದು ಜೆಟ್ ಕಾಲದ್ದಾದರೂ ಹೇಳದಿರಲಾರೆ. ವಿಮಾನ ಹಾರಾಟದ ಶಿಕ್ಷಕರಾಗಿದ್ದ ಅವರು 1965ರ ಸೆಪ್ಟೆಂಬರ್ 7ರಂದು ಸರ್ಗೋಧಾ ದಾಳಿಯಲ್ಲಿ ತಮ್ಮ ನಿಧಾನಗತಿಯ ಮಿಸ್ಟೇರ್ ವಿಮಾನದಿಂದ, ವೇಗದಲ್ಲಿ ಎರಡು ಪಟ್ಟಿನ ಸ್ಟಾರ್‌ಫೈಟರನ್ನು ಸುತ್ತಾಟಕ್ಕೆ ಸಿಲುಕಿಸಿ ಕೆಡವಿದರು, ತಾವೂ ಮಡಿದರು. ಪಕ್ಕದಲ್ಲಿ ನೋಡಿದವರಿರಲಿಲ್ಲ. ಪಾಕಿಸ್ತಾನದ ಕಡೆಯಿಂದ ವಿವರ ಹೊರಬಂದ ಮೇಲೆಯೇ ನಮಗೆ ತಿಳಿಯಿತು. ಮಹಾವೀರ ಚಕ್ರ ಬಂದದ್ದು 1988ರಲ್ಲಿ, 23 ವರ್ಷಗಳ ನಂತರ.

ಇಷ್ಟೆಲ್ಲ ಹೇಳಿದ್ದು ಹಳೆಯ ಯುದ್ಧಗಳ ಮೇಲಿನ ಮೋಹದಿಂದಲ್ಲ. ನಮ್ಮ ರಬಕವಿ–ಬನಹಟ್ಟಿ, ಜಮಖಂಡಿ, ಮುಧೋಳಗಳಿಂದ ಹುಡುಗರು ವಿಜಯಪುರದ ಸೈನಿಕ ಶಾಲೆಗೆ ಹೋಗುತ್ತಾರೆ. ಬೆಳಗಾವಿಯ ಸಾಂಬ್ರಾದಲ್ಲಿ ವಾಯುಸೈನಿಕರ ತರಬೇತಿ ಪಡೆಯುತ್ತಾರೆ. ಅಂಥ ಹುಡುಗ ರಜೆಗೆ ಊರಿಗೆ ಬಂದಾಗ ನಾವು ಕೇಳುವ ಮೊದಲ ಪ್ರಶ್ನೆ: “ವಿಮಾನ ಹಾರಿಸ್ತೀಯೇನೋ?” ಇಲ್ಲ, ಎಂಜಿನ್ ನೋಡಿಕೊಳ್ಳುತ್ತೇನೆ, ರಾಡಾರ್ ನೋಡಿಕೊಳ್ಳುತ್ತೇನೆ ಎಂದನೋ, ನಮ್ಮ ಮುಖ ಸಪ್ಪಗಾಗುತ್ತದೆ. ಆ ಮಗುವಿನ ಮುಖ ಎಷ್ಟು ಸಪ್ಪಗಾಗುತ್ತದೆಂದು ನಾವು ನೋಡುವುದೇ ಇಲ್ಲ. ಶಾಲೆಗಳಲ್ಲಿಯೂ ಅದೇ: ಮೊದಲ ರ‍್ಯಾಂಕಿನವನಿಗೆ ಹಾರ; ಹಿಂದಿನ ಬೆಂಚಿನವನಿಗೆ ಲೆಕ್ಕ ಹೇಳಿಕೊಟ್ಟವನಿಗೆ ಏನೂ ಇಲ್ಲ. ಹೀಗೆ ಬೆಳೆದವನು ನಾಳೆ ಯಾರ ಬೆನ್ನು ಕಾಯುತ್ತಾನೆ?

ನಮ್ಮ ಪುರಾಣಗಳೂ ಒಂಟಿ ವೀರನ ಪರವಾಗಿಲ್ಲ, ನಾವು ಹಾಗೆ ಓದಿಕೊಂಡಿದ್ದೇವೆ. ಗದಾಯುದ್ಧದಲ್ಲಿ ಭೀಮನಿಗೆ ತೊಡೆಯ ಸನ್ನೆ ಮಾಡಿದವನು ಕೃಷ್ಣ. ಅಭಿಮನ್ಯುವಿಗೆ ಶೌರ್ಯ ಕಡಿಮೆಯಿತ್ತೆ? ಹಿಂದೆ ಬರಬೇಕಾದವರನ್ನು ಸೈಂಧವ ಬಾಗಿಲಲ್ಲೇ ತಡೆದ; ಒಳಗೆ ಹೋದ ಹುಡುಗ ಒಂಟಿಯಾದ. ಆ ಕಥೆ ಕೇಳಿ ಕಣ್ಣೀರಿಡುವ ನಾವು, ಅದರಿಂದ ಕಲಿತದ್ದೇನು?

ಪ್ರಿಯ ವಿದ್ಯಾರ್ಥಿಗಳೇ, ನಿಮ್ಮಲ್ಲಿ ಅನೇಕರು ಈಗ ತಂದೆತಾಯಿಗಳು, ಕೆಲವರು ಶಿಕ್ಷಕರು. ಮಕ್ಕಳು ವಿಮಾನಗಳ ಪಟ್ಟಿ ಹಿಡಿದು ಬಂದರೆ ಗದರಿಸಬೇಡಿ. ಮನೆಯ ಬೆಂಕಿಪೊಟ್ಟಣದಿಂದ ನಾಲ್ಕು ಕಡ್ಡಿ ತೆಗೆಯಿರಿ. ಎರಡನ್ನು ಅಕ್ಕಪಕ್ಕ ಇಡಿ, ಎರಡನ್ನು ಹಿಂದಿನಿಂದ ಬಿಡಿ. ಕತ್ತರಿಯಂತೆ ದಾಟಿಸಿ ತೋರಿಸಿ. ಆಮೇಲೆ ಕೇಳಿ: ಇದರಲ್ಲಿ ವೀರ ಯಾರು, ತೋರಿಸು ನೋಡೋಣ?